ಬಿಟ್ಟಿ ಹಾಳೆಯಲ್ಲಿ ಅಚ್ಚಾಗದ ತಿದ್ದುಪಡಿ

೧೯೯೮ನೇ ಇಸವಿ ಜೂನ್ ೧೫, ಸೋಮವಾರ, ಬೆಳಿಗ್ಗೆ ಆರು ಗಂಟೆ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ನಾಲ್ಕು ಪುಟದ ಪತ್ರಿಕೆಯ ಕಟ್ಟೊಂದನ್ನು ಹೆಗಲಿಗೇರಿಸಿಕೊಂಡು ನಿಂತಾಗ ನನ್ನ ವೃತ್ತಿ ಶುರುವಾಯಿತು. ಆಗ ಪ್ರತಿದಿನ ಡೈರಿ ಬರೆಯುತ್ತಿದ್ದೆ. ಆ ದಿನದ ಪುಟದಲ್ಲಿ ಹೀಗಿದೆ: ‘ಹಂಚಿದ್ದು ಇನ್ನೂರು. ಓದಿದವರು ಗೊತ್ತಿಲ್ಲ. ಹಾಸಿಕೊಂಡು ಕೂತವರು ಹನ್ನೊಂದು. ಹೂವು ಕಟ್ಟಿಕೊಂಡವರು ಆರು.’

ಈ ವರ್ಷ ನಿವೃತ್ತಳಾದೆ. ಪತ್ರಿಕೆಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು ‘ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು’ ಎಂದು ಕೇಳುತ್ತಾರೆ. ನಾನು ಎಷ್ಟು ಪತ್ರಿಕೆ ಬದಲಿಸಿದೆ, ಯಾವ ಕುರ್ಚಿಯವರೆಗೆ ಹೋದೆ ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ನನ್ನ ಮೊದಲ ಕೆಲಸದ ಒಂದು ವಿಷಯ ಹೇಳುತ್ತೇನೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಬರಲಿ.

ಆ ಪತ್ರಿಕೆಗೆ ಒಂದು ದೊಡ್ಡ ಹೆಸರಿತ್ತು. ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಬಸ್ಸಿನಲ್ಲಿ ದುಡ್ಡಿಲ್ಲದೆ ಕೊಡುತ್ತಿದ್ದರಿಂದ ಜನ ಅದನ್ನು ‘ಬಿಟ್ಟಿ ಹಾಳೆ’ ಎಂದರು. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳು ಒಂದೊಂದಾಗಿ ಬರುತ್ತಿದ್ದವು. ಯಾವ ಕಚೇರಿ ಯಾವ ಬೀದಿಯಲ್ಲಿದೆ, ಯಾವ ಸಾಹೇಬರು ಯಾವತ್ತು ಸಿಗುತ್ತಾರೆ ಎಂದು ಹಳ್ಳಿಯವರಿಗೆ ತಿಳಿಯುತ್ತಿರಲಿಲ್ಲ. ಅಚ್ಚುಕೂಟ ನಡೆಸುತ್ತಿದ್ದ ಪರಮೇಶಪ್ಪನವರಿಗೆ ಆಗ ಈ ಯೋಚನೆ ಹೊಳೆಯಿತು. ಸೀರೆ ಅಂಗಡಿ, ಬೀಜ ಗೊಬ್ಬರದ ಅಂಗಡಿಯವರ ಜಾಹೀರಾತು ಹಾಕಿಕೊಂಡು, ನಡುವೆ ಊರಿನ ಸುದ್ದಿ ತುಂಬಿ, ಬೆಳಗಿನ ಬಸ್ಸುಗಳಲ್ಲಿ ಪುಕ್ಕಟೆ ಹಂಚುವುದು. ಯೋಚನೆ ಒಳ್ಳೆಯದೇ. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ನಾನು ಗುಂಡ್ಲುಪೇಟೆಯವಳು. ಚಾಮರಾಜನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ವಯಸ್ಸು ಮೂವತ್ತರ ಹತ್ತಿರ. ವರದಿಗಾರ್ತಿಯೂ ನಾನೇ, ಹಂಚುವವಳೂ ನಾನೇ.

ಮೊದಲ ವಾರ ನಾನು ಸೋತೆ. ಬಸ್ಸು ಹತ್ತಿ ಎಲ್ಲರ ಮಡಿಲಿಗೂ ಒಂದೊಂದು ಹಾಳೆ ಹಾಕುತ್ತಿದ್ದೆ. ಅರ್ಧ ಜನಕ್ಕೆ ಓದು ಬಾರದು. ಉಮ್ಮತ್ತೂರಿನಲ್ಲಿ ಹೊರಟು ಚಾಮರಾಜನಗರದ ಮೇಲೆ ಗುಂಡ್ಲುಪೇಟೆಗೆ ಹೋಗುತ್ತಿದ್ದ ಬಸ್ಸೊಂದಿತ್ತು. ಅದರ ತುಂಬ ಕೂಲಿಗೆ ಹೋಗುವ ಹೆಂಗಸರು. ಒಬ್ಬಾಕೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಕಿತ್ತುಹೋದ ಜಾಗಕ್ಕೆ ತುರುಕಿ ಅದರ ಮೇಲೆ ಕೂತಳು. ನಾನು ನೋಡುತ್ತಾ ನಿಂತೆ.

‘ಯಾಕಮ್ಮಿ ಅಂಗ್ ನೋಡೀಯೇ? ಮೊಳೆ ಚುಚ್ಚುತ್ತೆ ಕಣಮ್ಮಿ. ನಿನ್ನ ಹಾಳೆ ಚೆನ್ನಾಗದೆ, ದಪ್ಪಗದೆ’ ಎಂದಳು. ಅವಳೇ ಮಾದಮ್ಮ. ಉಮ್ಮತ್ತೂರಿನವಳು. ತೆರಕಣಾಂಬಿಯ ಹತ್ತಿರ ಅರಿಶಿನದ ಹೊಲಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು.

ಈ ಸೋಲನ್ನು ಗೆಲುವು ಮಾಡಿದವನು ಸಿದ್ದರಾಜು. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಅಟೆಂಡರ್. ದಿನಾ ಚಾಮರಾಜನಗರದಿಂದ ಅದೇ ಬಸ್ಸಿನಲ್ಲಿ ಹೋಗುತ್ತಿದ್ದ. ಡ್ರೈವರ್ ಪಕ್ಕ, ಇಂಜಿನ್ನಿನ ಮುಚ್ಚಳದ ಹತ್ತಿರ ಹಿಂದಕ್ಕೆ ಮುಖ ಮಾಡಿದ ಸೀಟೊಂದಿತ್ತು. ಬಿಸಿಗೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಸಿದ್ದರಾಜು ಅಲ್ಲಿ ಕೂತು, ಒಂದು ದಿನ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಓದತೊಡಗಿದ. ‘ಗುಂಡ್ಲುಪೇಟೆ ಸರ್ಕಾರಿ ಆಸ್ಪತ್ರೆ ಕಣ್ಣಿನ ಡಾಕ್ಟ್ರು ಈ ವಾರ ರಜ. ಕಣ್ಣು ಮಂಜಾಗಿರೋರು ಮುಂದಿನ್ ವಾರ ನೋಡ್ಕಳಿ.’ ಬಸ್ಸು ನಕ್ಕಿತು. ಆಮೇಲೆ ಹಿಂದಿನಿಂದ ಒಬ್ಬ ಮುದುಕ ಕೂಗಿದ, ‘ಇನ್ನೊಂದ್ಸಲ ಓದ್ಲಾ ಸಿದ್ದ, ಯಾವ ವಾರ ಅಂದೆ?’ ಆತ ಕಣ್ಣು ತೋರಿಸಲೆಂದೇ ಊರಿಂದ ಹೊರಟು, ಡಾಕ್ಟರಿಲ್ಲದೆ ಹಿಂದಿನ ದಿನವೂ ವಾಪಸ್ಸಾಗಿದ್ದ.

ಅಂದಿನಿಂದ ಅದು ‘ಓದೋ ಸೀಟು’. ಸಿದ್ದರಾಜು ಬಾರದ ದಿನ ಕಂಡಕ್ಟರ್ ಕೇಳುತ್ತಿದ್ದರು, ‘ಓದೋರು ಯಾರಪ್ಪ ಇವತ್ತು? ಮುಂದಕ್ ಬನ್ನಿ.’ ಕಾಲೇಜಿನ ಹುಡುಗಿಯೊಬ್ಬಳು, ಕೋರ್ಟಿನ ಗುಮಾಸ್ತರೊಬ್ಬರು, ಯಾರಾದರೂ ಹೋಗಿ ಕೂರುತ್ತಿದ್ದರು. ಕ್ರಮೇಣ ಬೇರೆ ಬಸ್ಸುಗಳಲ್ಲೂ, ಚಂದಕವಾಡಿ ಕಡೆಯ ಬಸ್ಸಿನಲ್ಲೂ ಇದೇ ಅಭ್ಯಾಸವಾಯಿತು. ಒಂದು ಬಸ್ಸಿಗೆ ನಾಲ್ಕು ಹಾಳೆ ಕೊಟ್ಟರೆ ಸಾಕಾಯಿತು. ಪರಮೇಶಪ್ಪನವರಿಗೆ ಇದು ಕಳವಳ. ‘ನಾಲ್ಕೇ ಹಾಳೆ ಅಂದ್ರೆ ಜಾಹೀರಾತಿನೋರ್ಗೆ ಏನಂತ ಹೇಳಲಿ?’ ಎಂದರು. ‘ಅರವತ್ತು ಜನ ಕೇಳ್ತಾರೆ ಅಂತ ಹೇಳಿ ಸರ್’ ಎಂದೆ. ‘ಕೇಳೋದು ಲೆಕ್ಕ ಅಲ್ಲಮ್ಮ, ಹಾಳೆ ಲೆಕ್ಕ’ ಎಂದರು. ಅವರಿಗೆ ತಮ್ಮ ಪತ್ರಿಕೆ ಏನೆಂದು ಕೊನೆಯವರೆಗೂ ಅರ್ಥವಾಗಲಿಲ್ಲ.

ಗಟ್ಟಿಯಾಗಿ ಓದುವ ಪತ್ರಿಕೆಗೆ ಸುದ್ದಿ ಬರೆಯುವುದು ಬೇರೆಯೇ ಕೆಲಸ. ತಪ್ಪಿದ್ದರೆ ಅಲ್ಲೇ, ಬಸ್ಸಿನಲ್ಲೇ ಕಪಾಳಕ್ಕೆ ಬೀಳುತ್ತದೆ. ಒಮ್ಮೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿಯಲ್ಲಿ ಆನೆ ನಿಂತು ಜೀಪು ವಾಪಸ್ಸಾದವು ಎಂದು ಯಾರೋ ಹೇಳಿದ್ದನ್ನು ಕೇಳಿ ಬರೆದೆ. ಸಿದ್ದರಾಜು ಓದಿದ. ಬಸ್ಸಿನಲ್ಲಿದ್ದ ಜೀಪಿನವನೊಬ್ಬ, ‘ಆನೆಯೂ ಇಲ್ಲ ಗೀನೆಯೂ ಇಲ್ಲ. ನನ್ ಜೀಪ್ ಟಯರ್ ಪಂಚರ್ರು. ನಿಂತ್ಕಂಡು ಜಾಕ್ ಹೊಡ್ದೋನು ನಾನೇ, ಆನೆ ನಾನೇ ಇರ್ಬೇಕು’ ಎಂದ. ಒಂದು ತಿಂಗಳು ಅವನನ್ನು ಆನೆ ಎಂದೇ ಕರೆದರು. ಮರುದಿನ ನಾನು ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆ. ಅದನ್ನೂ ಸಿದ್ದರಾಜು ಓದಿದ. ಆಗ ಬಸ್ಸಿನವರು ನಗಲಿಲ್ಲ. ‘ಸರಿಯೇ ಬುಡು’ ಎಂದರು. ಅಂದಿನಿಂದ ಅವರು ಹಾಳೆಯನ್ನು ನಂಬಿದ್ದು ಎಂದು ನನ್ನ ಲೆಕ್ಕ. ತಪ್ಪು ಒಪ್ಪಿಕೊಂಡ ಮೇಲೆಯೇ ನಂಬಿದರು.

ಆಮೇಲೆ ನಾನು ‘ಬೋರ್ಡ್ ಸುತ್ತು’ ಹಾಕಿಕೊಂಡೆ. ಬೆಳಿಗ್ಗೆ ಬಸ್ಸಿನಲ್ಲೇ ಗುಂಡ್ಲುಪೇಟೆಗೆ ಹೋಗಿ ತಾಲ್ಲೂಕು ಕಚೇರಿ, ಕೋರ್ಟು, ಆಸ್ಪತ್ರೆ, ಮಾರುಕಟ್ಟೆ, ಇಷ್ಟರ ನೋಟಿಸ್ ಬೋರ್ಡು ನೋಡುವುದು. ಮಧ್ಯಾಹ್ನ ವಾಪಸ್ಸು ಬಂದು ಚಾಮರಾಜನಗರದ ಕಚೇರಿಗಳ ಬೋರ್ಡು. ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಂಡು ಒಳಗೆ ಹೋಗಿ ‘ಇದು ಇನ್ನೂ ಇದೆಯೋ, ಬದಲಾಗಿದೆಯೋ’ ಎಂದು ಒಂದು ಮಾತು ಕೇಳುವುದು. ಹಳೇ ನೋಟಿಸ್ ಕೀಳುವ ಅಭ್ಯಾಸ ಯಾವ ಕಚೇರಿಗೂ ಇರಲಿಲ್ಲ. ಆ ಒಂದು ಮಾತೇ ನಮ್ಮ ಕೆಲಸದ ಜೀವ. ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಕೇರಳದ ವ್ಯಾಪಾರಿಗಳು ನನ್ನನ್ನು ಕಂಡರೆ, ಅಕ್ಕ ಎಂಬುದನ್ನು ತಮ್ಮ ಭಾಷೆಯಲ್ಲಿ ಹೇಳಿ, ‘ಚೇಚಿ ಬಂದ್ರು, ಇವತ್ತಿನ ರೇಟು ಬರೀತಾರೆ, ಸುಳ್ಳು ಹೇಳ್ಬೇಡಿ’ ಎಂದು ತಮಾಷೆ ಮಾಡುತ್ತಿದ್ದರು. ಸಂಜೆ ಏಳಕ್ಕೆ ಅಚ್ಚು. ಮರುದಿನ ಬಸ್ಸು. ಯಾವ ದೊಡ್ಡ ಪತ್ರಿಕೆಯಲ್ಲೂ ಈ ಸುದ್ದಿ ಬರುತ್ತಿರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಸೆಂಟರ್ ಬಂತು. ನಡೆಸುತ್ತಿದ್ದವನು ಪರಮೇಶಪ್ಪನವರ ಅಕ್ಕನ ಮಗ ಗಿರೀಶ. ಬಾಗಿಲಲ್ಲಿ ಒಂದು ಹಲಗೆ: ‘ಇಂಟರ್ನೆಟ್. ಪ್ರಪಂಚದ ಸುದ್ದಿ ಕ್ಷಣದಲ್ಲಿ.’ ಜನ ನಿಂತು ಗಾಜಿನ ಮೂಲಕ ನೋಡುತ್ತಿದ್ದರು. ಪರಮೇಶಪ್ಪನವರು ನೋಡಿ ಹೆದರಿದರು. ‘ಇನ್ನೊಂದ್ ವರ್ಷ ಅಷ್ಟೇ ಕಣಮ್ಮ. ಎಲ್ಲಾರೂ ಕಂಪ್ಯೂಟರಲ್ಲೇ ಸುದ್ದಿ ನೋಡ್ತಾರೆ. ನಮ್ಮ ಹಾಳೆ ಯಾರಿಗ್ ಬೇಕು?’

‘ಉಮ್ಮತ್ತೂರಿನ ಬಸ್ಸಿನೋರು ಕಂಪ್ಯೂಟರ್ ನೋಡ್ತಾರಾ ಸರ್?’

‘ಇವತ್ತಿಲ್ಲ, ನಾಳೆ ನೋಡ್ತಾರೆ. ಅದಕ್ಕೆ ಮುಂಚೆ ನಾವೇ ಕಂಪ್ಯೂಟರ್ ಸುದ್ದಿ ಕೊಡ್ಬೇಕು.’

ಹೊಸ ಏರ್ಪಾಟು ಬಂತು. ಮೈಸೂರಿನ ಯಾವುದೋ ಪತ್ರಿಕೆಯವರು ಜಿಲ್ಲಾ ಸುದ್ದಿಯನ್ನೂ ಕಂಪ್ಯೂಟರಿನಲ್ಲಿ ಹಾಕುತ್ತಿದ್ದರು. ಗಿರೀಶ ಅದನ್ನು ಇಳಿಸಿಕೊಡುವುದು, ನಾವು ಹಾಕುವುದು. ನನ್ನ ಬೋರ್ಡ್ ಸುತ್ತು ಬಂದ್. ‘ಅವರ್ದು ಹೇಗೂ ಇದೆ, ನೀನು ಬಿಸಿಲಲ್ಲಿ ಅಲೆಯೋದ್ಯಾಕೆ?’ ಎಂದರು. ನನ್ನ ಮೇಲೆ ಕರುಣೆ ತೋರಿಸುವ ಹಾಗೆ ಹೇಳಿದರು. ನನ್ನನ್ನು ಜಾಹೀರಾತಿಗೆ ಹಾಕಿದರು. ಹಂಚುವುದು ಮಾತ್ರ ಉಳಿಯಿತು.

ಗಿರೀಶ ಕೆಲಸ ಮಾಡುತ್ತಿದ್ದ ರೀತಿ ಹೇಳಬೇಕು. ಆಗ ಇಂಟರ್ನೆಟ್‌ಗೆ ಟೆಲಿಫೋನಿನಲ್ಲಿ ಮೈಸೂರಿಗೆ ಎಸ್‌ಟಿಡಿ ಹಚ್ಚಬೇಕಿತ್ತು. ಹತ್ತು ಸಲ ಹಚ್ಚಿದರೆ ಒಂದು ಸಲ ಸಿಗುತ್ತಿತ್ತು. ಅದಕ್ಕೆ ಅವನು ದಿನಾ ಹಚ್ಚುತ್ತಿರಲಿಲ್ಲ. ಲೈನು ಸಿಕ್ಕ ದಿನ ಸಿಕ್ಕಷ್ಟು ಪುಟಗಳನ್ನು ಫ್ಲಾಪಿಗೆ ತುಂಬಿಕೊಂಡು, ಹದಿನೈದು ದಿನ ಅದರಿಂದಲೇ ಸ್ವಲ್ಪ ಸ್ವಲ್ಪ ತೆಗೆದು ಕೊಡುತ್ತಿದ್ದ. ಡಬ್ಬದಲ್ಲಿ ಹುರಿಗಡಲೆ ತುಂಬಿಟ್ಟುಕೊಂಡ ಹಾಗೆ. ಒಂದು ದಿನ ಕೇಳಿದೆ, ‘ಗಿರೀಶ, ಇದು ಯಾವತ್ತಿನದು?’

‘ಕಂಪ್ಯೂಟರಿಂದು ಅಕ್ಕ.’

‘ತಾರೀಖು ಕೇಳಿದ್ದು.’

‘ಕಂಪ್ಯೂಟರಲ್ಲಿ ಇರೋದೆಲ್ಲ ಲೇಟೆಸ್ಟೇ ಅಕ್ಕ’ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿದ್ದ. ಅವನ ಸೋದರಮಾವನೂ ನಂಬಿದ್ದರು. ಸುದ್ದಿಗೆ ವಯಸ್ಸಾಗುತ್ತದೆ ಎಂಬುದೇ ಆ ಇಬ್ಬರ ತಲೆಗೆ ಬರಲಿಲ್ಲ. ನಾನು ಪರಮೇಶಪ್ಪನವರಿಗೆ ಎರಡು ಸಲ ಹೇಳಿದೆ. ಎರಡು ಸಲವೂ, ‘ನೀನು ಕಂಪ್ಯೂಟರ್ ಕಲ್ತಿಲ್ವಲ್ಲ, ಅದಕ್ಕೆ ಹೊಟ್ಟೆಯುರಿ’ ಎಂದು ನಕ್ಕರು.

ಮಾದಮ್ಮನ ಮಗಳು ಭಾಗ್ಯ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅವರ ಕೇರಿಯಲ್ಲಿ ಪಾಸಾದ ಮೊದಲ ಹುಡುಗಿ. ಊರಿನ ಅಂಗನವಾಡಿಗೆ ಟೀಚರ್ ಬೇಕೆಂದು ಕರೆದಿರುವುದು ನಮ್ಮ ಹಾಳೆಯಿಂದಲೇ ಅವರಿಗೆ ಗೊತ್ತಾಗಿದ್ದು, ನನ್ನ ಬೋರ್ಡ್ ಸುತ್ತಿನ ಕಾಲದಲ್ಲಿ. ಭಾಗ್ಯ ಅರ್ಜಿ ಹಾಕಿದಳು. ಸಂದರ್ಶನದ ಕಾರ್ಡು ಬಂತು: ೧೯೯೯ರ ಫೆಬ್ರವರಿ ೪, ಗುರುವಾರ, ಚಾಮರಾಜನಗರ. ಹಿಂದಿನ ದಿನ ಇಲಾಖೆಯವರು ಅದನ್ನು ಮುಂದೂಡಿದರು. ಆಮೇಲೆ ಎರಡನೇ ಕಾರ್ಡು ಬಂತು: ೧೭ನೇ ತಾರೀಖು, ಬುಧವಾರ. ಮಾದಮ್ಮ ಬಸ್ಸಿನಲ್ಲಿ ಆ ಕಾರ್ಡನ್ನು ನನಗೆ ತೋರಿಸಿ, ‘ಬುಧವಾರ ನನ್ ಮಗಳೂ ಇದೇ ಬಸ್ಸಲ್ ಬತ್ತಾಳೆ. ನೀನೂ ಇರ್ಬೇಕು ಕಣಮ್ಮಿ, ಆಪೀಸು ತೋರ್ಸು’ ಎಂದಿದ್ದಳು. ಇರುತ್ತೇನೆಂದೆ.

ಸೋಮವಾರ ನನ್ನನ್ನು ಮೈಸೂರಿಗೆ ಜಾಹೀರಾತು ಕೇಳಲು ಕಳಿಸಿದರು. ಮಂಗಳವಾರವೂ ಅಲ್ಲೇ ಉಳಿಯಬೇಕಾಯಿತು. ಮಂಗಳವಾರದ ಹಾಳೆಯ ಎರಡನೇ ಪುಟ, ‘ಕಂಪ್ಯೂಟರ್ ಸುದ್ದಿ’ ಎಂಬ ಹೊಸ ತಲೆಬರಹದ ಕೆಳಗೆ: ‘ನಾಳೆ ಚಾಮರಾಜನಗರದಲ್ಲಿ ನಡೆಯಬೇಕಿದ್ದ ಅಂಗನವಾಡಿ ಕಾರ್ಯಕರ್ತೆಯರ ಸಂದರ್ಶನವನ್ನು ಮುಂದೂಡಲಾಗಿದೆ. ಹೊಸ ದಿನಾಂಕವನ್ನು ಅಂಚೆಯ ಮೂಲಕ ತಿಳಿಸಲಾಗುವುದು.’

ಗಿರೀಶನ ಫ್ಲಾಪಿಯಲ್ಲಿ ಹದಿಮೂರು ದಿನ ಕೂತಿದ್ದ ಸುದ್ದಿ ಅದು. ಫೆಬ್ರವರಿ ೩ರಂದು ನಿಜ. ೧೬ರಂದು ಸುಳ್ಳು. ಸಿದ್ದರಾಜು ಓದೋ ಸೀಟಿನಲ್ಲಿ ಕೂತು ಗಟ್ಟಿಯಾಗಿ ಓದಿದ. ಮಾದಮ್ಮ ಹಾಳೆಯನ್ನು ಇಸಿದುಕೊಂಡು, ಈ ಸಲ ಸೀಟಿಗೆ ತುರುಕದೆ, ಸೆರಗಿನಲ್ಲಿ ಕಟ್ಟಿಕೊಂಡು ಸಂಜೆ ಮಗಳಿಗೆ ಕೊಟ್ಟಳು. ಒಂದು ಸಲ ಮುಂದೆ ಹೋದದ್ದು ಇನ್ನೊಂದು ಸಲವೂ ಹೋಗಿರಬೇಕು ಎಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಬುಧವಾರ ಬೆಳಿಗ್ಗೆ ಮೈಸೂರಿನಿಂದ ನೇರ ಬಸ್ ನಿಲ್ದಾಣಕ್ಕೆ ಬಂದು ಕಾದೆ. ಉಮ್ಮತ್ತೂರಿನ ಬಸ್ಸಿನಲ್ಲಿ ಮಾದಮ್ಮ ಒಬ್ಬಳೇ ಇದ್ದಳು, ಕೈಯಲ್ಲಿ ಕುಡುಗೋಲು.

‘ಭಾಗ್ಯ ಎಲ್ಲಿ?’

‘ಇವತ್ತಿಲ್ವಲ್ಲ ಕಣಮ್ಮಿ. ನಿನ್ ಹಾಳೇಲೇ ಆಕಿದ್ರಲ್ಲ. ಸಿದ್ದಣ್ಣ ಓದ್ತಲ್ಲ.’

ನಾನು ಸಂದರ್ಶನದ ಕಚೇರಿಗೆ ಓಡಿದೆ. ಅಂಗಳದ ತುಂಬ ಹುಡುಗಿಯರು ಸಾಲಾಗಿ ನಿಂತಿದ್ದರು. ಉಮ್ಮತ್ತೂರಿಗೆ ಹೋಗಿ ಭಾಗ್ಯಳನ್ನು ಕರೆತರಲು ಆ ಹೊತ್ತಿಗೆ ಬಸ್ಸಿರಲಿಲ್ಲ. ಗಿರೀಶನ ಬಳಿ ಸ್ಕೂಟರ್ ಇತ್ತು. ಹೋಗಿ ಕೇಳಿದೆ. ‘ಮಾವನ್ನ ಕೇಳ್ಬೇಕು ಅಕ್ಕ’ ಎಂದ. ಮಾವ ಊರಲ್ಲಿರಲಿಲ್ಲ. ಮಧ್ಯಾಹ್ನ ಸಂದರ್ಶನ ಮುಗಿಯಿತು.

ಅಲ್ಲಿನ ಅಧಿಕಾರಿ ಹೆಂಗಸು. ಒರಟಲ್ಲ. ನನ್ನ ಮಾತು ಪೂರ್ತಿ ಕೇಳಿದರು. ‘ಪಟ್ಟಿಯನ್ನು ಶನಿವಾರ ಮೇಲಕ್ಕೆ ಕಳಿಸ್ತೀನಿ. ನಿಮ್ಮ ಪತ್ರಿಕೆ ತಪ್ಪು ಸುದ್ದಿ ಹಾಕಿತ್ತು ಅಂತ ನಿಮ್ಮ ಪತ್ರಿಕೆಯಲ್ಲೇ ಬರಲಿ. ಅದನ್ನ ಹಚ್ಚಿ ಆ ಹುಡುಗೀನ ನೋಡಿದ್ದೀನಿ ಅಂತ ಬರೆಯೋಕೆ ನನಗೊಂದು ಆಧಾರ ಸಿಗುತ್ತೆ. ಬರೀ ಬಾಯಿಮಾತಲ್ಲಿ ಆಗಲ್ಲ’ ಎಂದರು. ನ್ಯಾಯವಾಗಿತ್ತು. ನಾಲ್ಕು ಸಾಲು. ಆನೆಗೆ ಹಾಕಿದ್ದಷ್ಟೇ ನಾಲ್ಕು ಸಾಲು.

ಗುರುವಾರ ಪರಮೇಶಪ್ಪನವರ ಮುಂದೆ ನಿಂತೆ.

‘ತಪ್ಪಾಗಿದೆ ಅಂತ ಹಾಕಿದ್ರೆ ಸೀರೆ ಅಂಗಡಿಯೋರು ಏನಂತಾರೆ? ಕಂಪ್ಯೂಟರ್ ಸುದ್ದಿ ಅಂತ ಈಗ್ತಾನೆ ದೊಡ್ಡದಾಗಿ ಹೇಳ್ಕೊಂಡಿದ್ದೀವಿ.’

‘ಆ ಹುಡುಗಿ ಕೆಲಸ ಹೋಗುತ್ತೆ ಸರ್.’

‘ನಾವೇನು ದುಡ್ ಇಸ್ಕೊಂಡಿದ್ದೀವಾ ಅವರತ್ರ? ಬಿಟ್ಟಿ ಕೊಡೋ ಹಾಳೆ. ಬಿಟ್ಟಿ ಓದೋರ್ಗೆ ತಪ್ಪೊಪ್ಪಿಗೆ ಬೇರೆ ಕೊಡ್ಬೇಕಾ?’

ಈ ಮಾತನ್ನು ಆ ದಿನವೇ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಕೆಟ್ಟ ಮಾತನ್ನು ಕೇಳಿಲ್ಲ. ದುಡ್ಡು ಕೊಡದವನಿಗೆ ನಿಜ ಕೇಳುವ ಹಕ್ಕಿಲ್ಲ ಎಂದು ಅದರ ಅರ್ಥ. ಇವತ್ತು ಎಲ್ಲರ ಕೈಯಲ್ಲೂ ಬಿಟ್ಟಿ ಸುದ್ದಿಯೇ ಇದೆ. ಅದನ್ನು ಕೊಡುವವರಲ್ಲಿ ಎಷ್ಟು ಜನ ಒಳಗೊಳಗೆ ಇದನ್ನೇ ಅಂದುಕೊಂಡಿದ್ದಾರೋ, ನೀವೇ ನೋಡಿಕೊಳ್ಳಿ.

ಶುಕ್ರವಾರ ಸಂಜೆ ನಾಲ್ಕು ಸಾಲನ್ನು ನಾನೇ ಬರೆದು, ಅಚ್ಚಿಗೆ ಹೋಗುವ ಎರಡನೇ ಪುಟದಲ್ಲಿ ಸೇರಿಸಿದೆ. ಟೈಪ್ ಮಾಡಿದವಳು ನನ್ನ ಎದುರೇ ಮಾಡಿದಳು. ನೋಡಿ ಮನೆಗೆ ಹೋದೆ. ಶನಿವಾರ ಬೆಳಿಗ್ಗೆ ನಿಲ್ದಾಣದಲ್ಲಿ ಕಟ್ಟು ಬಿಚ್ಚಿದರೆ ಆ ಜಾಗದಲ್ಲಿ ಮಿಕ್ಸಿ ರಿಪೇರಿಯ ಜಾಹೀರಾತಿತ್ತು. ಅದೂ ಗಿರೀಶನ ಗೆಳೆಯನದು, ಪುಕ್ಕಟೆ ಹಾಕಿದ್ದು.

ಉಮ್ಮತ್ತೂರಿನ ಬಸ್ಸು ಬಂತು. ಆ ದಿನ ಮಾದಮ್ಮನ ಜೊತೆ ಭಾಗ್ಯಳೂ ಬಂದಿದ್ದಳು, ಇಸ್ತ್ರಿ ಮಾಡಿದ ಲಂಗ ದಾವಣಿಯಲ್ಲಿ. ತಿದ್ದುಪಡಿ ಬರುತ್ತದೆ ಎಂದು ನಾನೇ ಹೇಳಿ ಕಳಿಸಿದ್ದೆ. ಸಿದ್ದರಾಜು ಓದೋ ಸೀಟಿನಲ್ಲಿ ಕೂತು ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಕಣ್ಣಾಡಿಸಿದ. ಇನ್ನೊಂದು ಸಲ ತಿರುಗಿಸಿದ.

‘ಓದ್ಲಾ ಸಿದ್ದ’ ಎಂದರು ಹಿಂದಿನಿಂದ.

‘ಓದಕ್ಕೇನೂ ಇಲ್ಲ ಕಣ್ಲಾ ಇದ್ರಲ್ಲಿ’ ಎಂದು ಹಾಳೆ ಮಡಿಚಿದ. ಆಮೇಲೆ ಎದ್ದು ನಿಂತು, ಕಂಬಿ ಹಿಡಿದುಕೊಂಡು ಹೇಳಿದ: ‘ಮಂಗಳವಾರ ನಾನ್ ಓದ್ದೆನಲ್ಲ ಅಂಗನವಾಡಿದು, ಅದು ಸುಳ್ಳು. ಹಾಳೆಯೋರು ಹಳೇದು ಹಾಕವ್ರೆ. ಈ ಮಗ ಓದಿ ನಂಬ್ತು, ನೀವೂ ಕೇಳಿ ನಂಬುದ್ರಿ. ತಪ್ಪು ಇವಳ್ದಲ್ಲ. ಉಮ್ಮತ್ತೂರಿನೋರು ಯಾರಾರ ಇವಳ್ನ ಆಡ್ಕಂಡ್ರೆ ನನ್ನತ್ರ ಬರ್ಲಿ.’ ಅಷ್ಟು ಹೇಳಿ ಗುಂಡ್ಲುಪೇಟೆಗೆ ಹೋಗದೆ ನಮ್ಮ ಜೊತೆ ಇಳಿದ.

ನಾವು ನಾಲ್ವರೂ ಕಚೇರಿಗೆ ಹೋದೆವು. ಅಧಿಕಾರಿ ಮಂಗಳವಾರದ ಹಾಳೆಯನ್ನೂ ಶನಿವಾರದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ‘ಇದರಲ್ಲಿ ಮುಂದೂಡಿದೆ ಅಂತ ಇದೆ. ಅದು ತಪ್ಪು ಅಂತ ಇದರಲ್ಲಿ ಎಲ್ಲಿದೆ?’ ಎಂದರು. ನಾನು ವರದಿಗಾರ್ತಿ, ನಾನೇ ಹೇಳುತ್ತಿದ್ದೇನೆ ಎಂದೆ. ‘ನೀವು ಪತ್ರಿಕೆ ಅಲ್ವಲ್ಲಮ್ಮ’ ಎಂದರು. ಸಿದ್ದರಾಜು, ‘ಬಸ್ಸಿನಲ್ಲಿ ಅರವತ್ತು ಜನ ಕೇಳವ್ರೆ ತಾಯಿ, ಕರ್ಕಬರ್ಲಾ?’ ಎಂದ. ಅವರು ಪಾಪ, ಆಗದೆಂದು ತಲೆ ಆಡಿಸಿದರು. ಭಾಗ್ಯಳ ಹೆಸರಿಲ್ಲದೆ ಪಟ್ಟಿ ಹೋಯಿತು.

ಹೊರಗೆ ಬಂದಾಗ ಭಾಗ್ಯ ಒಂದೇ ಮಾತಾಡಿದಳು. ‘ಅಕ್ಕ, ಅಲ್ಲಿ ಬರ್ದಿತ್ತಲ್ಲ’ ಎಂದಳು. ಬೈದಿದ್ದರೆ ಆಗುತ್ತಿತ್ತು.

ಆ ದಿನ ಉಳಿದ ಕಟ್ಟನ್ನು ಹಂಚದೆ ಅಚ್ಚುಕೂಟದ ಮೆಟ್ಟಿಲ ಮೇಲೆ ಇಟ್ಟು ಬಂದೆ. ಮತ್ತೆ ಹೋಗಲಿಲ್ಲ. ಸಿದ್ದರಾಜು ಓದೋ ಸೀಟು ಬಿಟ್ಟು ಹಿಂದಿನ ಸೀಟಿಗೆ ಹೋದ. ಬೇರೆಯವರೂ ಅಲ್ಲಿ ಕೂರಲಿಲ್ಲ. ಹಾಳೆ ಮತ್ತೆ ಸೀಟಿನ ಮೊಳೆಗೆ, ಹೂವಿಗೆ ಹೋಯಿತು. ಆ ವರ್ಷದ ದೀಪಾವಳಿ ಹೊತ್ತಿಗೆ ನಿಂತಿತು. ಇಂಟರ್ನೆಟ್ ಬಂದು ತಮ್ಮ ಪತ್ರಿಕೆಯನ್ನು ಕೊಂದಿತು ಎಂದು ಪರಮೇಶಪ್ಪನವರು ಸಭೆ ಸಮಾರಂಭಗಳಲ್ಲಿ ಹೇಳುತ್ತಿದ್ದರು. ಜನ ಅಯ್ಯೋ ಎನ್ನುತ್ತಿದ್ದರು. ಸುಳ್ಳು. ಉಮ್ಮತ್ತೂರಿನ ಬಸ್ಸಿನಲ್ಲಿ ಆಗ ಕಂಪ್ಯೂಟರ್ ನೋಡಿದವರು ಒಬ್ಬರೂ ಇರಲಿಲ್ಲ. ಹೋಗಿ ಒಂದು ಮಾತು ಕೇಳುವುದನ್ನು ಬಿಟ್ಟಿದ್ದು ಹಾಳೆಯನ್ನು ಕೊಂದಿತು. ಹಾಕಬೇಕಾಗಿದ್ದ ನಾಲ್ಕು ಸಾಲನ್ನು ಹಾಕದೆ ಅದನ್ನು ಹೂತರು.

ಒಂದು ಭಾನುವಾರ ಉಮ್ಮತ್ತೂರಿಗೆ ಹೋಗಿದ್ದೆ. ಮಾದಮ್ಮ ಮಜ್ಜಿಗೆ ಕೊಟ್ಟಳು. ‘ನೀನೇನ್ ಮಾಡೀಯೇ ಬುಡವ್ವ’ ಎಂದಳು. ಪಕ್ಕದ ಮನೆಯ ಜಗಲಿಯಿಂದ ಒಬ್ಬಾಕೆ ನನಗೂ ಕೇಳಲೆಂದೇ, ‘ಅಷ್ಟು ಓದ್ದೋಳ್ಗೆ ತಾರೀಕು ಗೊತ್ತಾಗ್ನಿಲ್ಲ. ಮನೇಲಿ ಮಲ್ಗಿ ಬುಟ್ಟು ಪೇಪರ್ ಮೇಲೆ ಹಾಕ್ತಾಳೆ’ ಎಂದಳು. ಭಾಗ್ಯ ಒಳಗಿದ್ದಳು, ಹೊರಗೆ ಬರಲಿಲ್ಲ. ಆ ಮಾತು ಅವಳ ಹಿಂದೆ ಎಷ್ಟು ವರ್ಷ ಹೋಯಿತೋ ಗೊತ್ತಿಲ್ಲ. ಮುಂದೆ ನಾನು ಬೇರೆ ಊರುಗಳಿಗೆ ಹೋದೆ. ತಿರುಗಿ ವಿಚಾರಿಸುವಾಗ ಮಾದಮ್ಮ ಇರಲಿಲ್ಲ. ಭಾಗ್ಯಳನ್ನು ಗಡಿಯಾಚೆ ತಾಳವಾಡಿ ಕಡೆಗೆ ಕೊಟ್ಟರು ಎಂದು ಒಬ್ಬರು, ಚಂದಕವಾಡಿ ಹತ್ತಿರ ಎಲ್ಲೋ ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂದು ಇನ್ನೊಬ್ಬರು ಹೇಳಿದರು.

ಹೊಸದಾಗಿ ಸೇರುವವರಿಗೆ ನಾನು ಹೇಳಬೇಕಾದದ್ದು ಮುಗಿಯಿತು. ಇನ್ನು ಬಾಕಿ ಇರುವ ಕೆಲಸ ಇದು. ಅವತ್ತು ಟೈಪ್ ಮಾಡಿಸಿದ್ದನ್ನು ಡೈರಿಯಿಂದ ಹಾಗೇ ಇಳಿಸುತ್ತಿದ್ದೇನೆ.

‘ತಿದ್ದುಪಡಿ: ಅಂಗನವಾಡಿ ಸಂದರ್ಶನ ಮುಂದೂಡಲಾಗಿದೆ ಎಂದು ಈ ಪತ್ರಿಕೆಯಲ್ಲಿ ೧೬ನೇ ತಾರೀಖು ಬಂದ ಸುದ್ದಿ ತಪ್ಪು. ಸಂದರ್ಶನ ೧೭ರಂದು ನಡೆದಿದೆ. ಇದನ್ನು ನಂಬಿ ಬಾರದೆ ಉಳಿದ ಉಮ್ಮತ್ತೂರಿನ ಭಾಗ್ಯ ಅವರದು ಯಾವ ತಪ್ಪೂ ಇಲ್ಲ. ತಪ್ಪು ಪತ್ರಿಕೆಯದು.’

ಭಾಗ್ಯ ಈಗ ಎಲ್ಲಿದ್ದಾಳೆಂದು ಬಲ್ಲವರು ಇದ್ದರೆ, ಆ ಬಸ್ಸಿನಲ್ಲಿ ಓಡಾಡುತ್ತಿದ್ದವರು ಇದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಅವಳು ಸಿಕ್ಕರೆ ಈ ಪುಟವನ್ನು ತಲುಪಿಸಿ. ಸಿಗದಿದ್ದರೆ, ಉಮ್ಮತ್ತೂರಿನ ಬಸ್ಸಿನಲ್ಲಿ ಮೇಲಿನ ನಾಲ್ಕು ಸಾಲನ್ನು ಯಾರಾದರೂ ಒಮ್ಮೆ ಗಟ್ಟಿಯಾಗಿ ಓದಿ.